ಸರ್ವೆ ಮಾಡ್ತೀವಿ, ವರದಿ ಕಳಿಸ್ತೀವಿ. ಆಮೇಲೆ ಅದು ಎಲ್ಲಿಗೆ ಹೋಗುತ್ತೆ?

ಸರ್ವೆಶೀನ | ಶನಿವಾರ ರಾತ್ರಿ 9:40

ಹನ್ನೊಂದು ವರ್ಷದಿಂದ ಸರ್ವೆ ಕೆಲಸದಲ್ಲಿದ್ದೇನೆ. ರಾಯಚೂರು, ಯಾದಗಿರಿ ಕಡೆ ಜಾಸ್ತಿ. ಮೊದಲು ಕಾಗದದ ಫಾರಂ ಇತ್ತು, ಈಗ ಟ್ಯಾಬ್ ಬಂದಿದೆ. ಕೆಲಸ ಅದೇ. ಚಾಪೆ ಹಾಕಿದರೆ ಚಾಪೆ ಮೇಲೆ, ಇಲ್ಲದಿದ್ದರೆ ಕಟ್ಟೆ ಮೇಲೆ ಕೂತು, ಮಕ್ಕಳೆಷ್ಟು, ಎಮ್ಮೆ ಎಷ್ಟು, ನಿನ್ನೆ ಏನು ಉಂಡಿರಿ ಅಂತ ಕೇಳುವುದು. ಒಂದು ಮನೆಗೆ ಒಂದೂವರೆ ಗಂಟೆ. ಕೂಲಿಗೆ ಹೋಗುವವರು ಆ ಒಂದೂವರೆ ಗಂಟೆಯನ್ನು ನಮಗೆ ಸುಮ್ನೆ ಕೊಡುತ್ತಾರೆ. ಜೊತೆಗೆ ಚಹಾನೂ ಕೊಡುತ್ತಾರೆ.

ಮೊನ್ನೆ ದೇವದುರ್ಗ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆ. ಮೂರು ವರ್ಷದ ಹಿಂದೆಯೂ ಹೋಗಿದ್ದ ಊರು. ಆಗ ಒಂದು ಸಂಸ್ಥೆ ಅಲ್ಲಿ ಹೊಗೆ ಇಲ್ಲದ ಒಲೆ ಹಾಕಿಸಿತ್ತು. ನಾಲ್ಕು ತಿಂಗಳಾದ ಮೇಲೆ ನಾವು ಹೋಗಿ "ಹೊಸ ಒಲೆ ಬಳಸುತ್ತೀರಾ?" ಅಂತ ಕೇಳಿದ್ದೆವು. ಬಹಳ ಮಂದಿ ಹೌದು ಅಂದಿದ್ದರು. ಬಣ್ಣಬಣ್ಣದ ಚಾರ್ಟ್ ಇರುವ ವರದಿ ಆಯಿತು.

ಈ ಸಲ ಹೋದದ್ದು ಬೇರೆ ಸರ್ವೆಗೆ. ಅದೇ ಅಜ್ಜಿಯ ಮನೆ. ಹೊಸ ಒಲೆ ಮೂಲೆಯಲ್ಲಿ ಬಿರುಕು ಬಿಟ್ಟು ನಿಂತಿದೆ. ಒಳಗೆ ಕೋಳಿ ಕಾವಿಗೆ ಕೂತಿದೆ. ಹೊಗೆ ಕೊಳವೆ ಬಿಚ್ಚಿ ಬಚ್ಚಲ ನೀರು ಹೊರಗೆ ಹೋಗುವುದಕ್ಕೆ ಇಟ್ಟಿದ್ದಾರೆ. ಅಜ್ಜಿ ಮೂರು ಕಲ್ಲಿನ ಒಲೆ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: "ತಮ್ಮಾ, ಹ್ವಾದ ಸಲನೂ ನೀನ ಬಂದಿದ್ದಿ. ಇವ ಕೇಳಿದ್ದಿ. ಬರಕೊಂಡು ಹ್ವಾದಿ. ಮುಂದ ಏನಾತು?"

ಬೈಯಲಿಲ್ಲ. ತಿಳಿದುಕೊಳ್ಳಬೇಕು ಅಂತಲೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಲ್ಲಿ ಓದಿಕೊಂಡವರು ಇದ್ದೀರಿ, ಹೊರದೇಶದಲ್ಲಿ ಇಂಥದೇ ಕೆಲಸ ಮಾಡುವವರೂ ಇದ್ದೀರಿ. ಸಂಶೋಧನೆ ನೋಡಿ ಯೋಜನೆ ಬದಲಾಯಿಸಿದ್ದು ಎಲ್ಲಾದರೂ ಉಂಟಾ? ವಾದಕ್ಕೆ ಕೇಳುತ್ತಿಲ್ಲ. ಆ ಅಜ್ಜಿಗೆ ಹೇಳಬೇಕಾಗಿದೆ.

ಬರೀಪ್ರಶ್ನೆ | ಶನಿವಾರ ರಾತ್ರಿ 10:05

ಇಲ್ಲ. ಯಾರೂ ಓದುವುದಿಲ್ಲ. ಚರ್ಚೆ ಮುಗಿಯಿತು, ಎಲ್ಲರೂ ಮಲಗಿ.

ತಮಾಷೆ ಬಿಡಿ. ಯೋಜನೆ ಮೊದಲು ಗೊತ್ತಾಗುತ್ತದೆ, ಆಮೇಲೆ ಅದಕ್ಕೆ ಒಪ್ಪುವ ವರದಿ ಹುಡುಕುತ್ತಾರೆ. ಛತ್ರ ಬುಕ್ ಆದ ಮೇಲೆ ಜಾತಕ ನೋಡಿದ ಹಾಗೆ. ಜಾತಕ ಕೂಡದಿದ್ದರೆ ಜೋಯಿಸರನ್ನು ಬದಲಾಯಿಸುತ್ತಾರೆ, ಹೆಣ್ಣು ಗಂಡನ್ನಲ್ಲ.

ಅಂಕಿಅಂಶ | ಭಾನುವಾರ ಬೆಳಿಗ್ಗೆ 7:15

ಶೀನಣ್ಣ, ನೀವು ಕಂಡದ್ದನ್ನೇ ಒಡಿಶಾದಲ್ಲಿ ದೊಡ್ಡದಾಗಿ ಅಳೆದಿದ್ದಾರೆ. ರೀಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಮಾಡಿದ ಅಧ್ಯಯನ. ಸುಮಾರು 2,600 ಮನೆಗಳು. ಮಣ್ಣಿನ ಒಲೆ, ಮೇಲೆ ಹೊಗೆ ಕೊಳವೆ. ಎಲ್ಲರಿಗೂ ಒಂದೇ ಸಲ ಕಟ್ಟಿಕೊಡಲು ಆಗದ್ದರಿಂದ ಊರಲ್ಲಿ ಚೀಟಿ ಎತ್ತಿ, ಯಾರಿಗೆ ಮೊದಲು ಯಾರಿಗೆ ಆಮೇಲೆ ಅಂತ ತೀರ್ಮಾನಿಸಿದರು. ಮೊದಲು ಸಿಕ್ಕವರನ್ನೂ ಕಾಯುತ್ತಿದ್ದವರನ್ನೂ ಹೋಲಿಸಿ ನೋಡಿದರು.

ಮೊದಲ ವರ್ಷ ಅಡುಗೆ ಮಾಡುವವರು ಉಸಿರಾಡುವ ಹೊಗೆ ನಿಜವಾಗಿಯೂ ಕಡಿಮೆ ಆಯಿತು. ಅಲ್ಲಿಗೆ ಸರ್ವೆ ನಿಲ್ಲಿಸಿದ್ದರೆ ಅದೂ ಬಣ್ಣಬಣ್ಣದ ಚಾರ್ಟ್ ಆಗುತ್ತಿತ್ತು. ಅವರು ನಾಲ್ಕು ವರ್ಷದವರೆಗೆ ಹೋದರು. ಅಷ್ಟರಲ್ಲಿ ಒಲೆಗಳು ಒಡೆದಿದ್ದವು, ಕೊಳವೆಯಲ್ಲಿ ಮಸಿ ಕಟ್ಟಿತ್ತು, ಹಳೆ ಒಲೆ ಪಕ್ಕದಲ್ಲೇ ಉರಿಯುತ್ತಿತ್ತು. ಹೊಗೆಯಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಆರೋಗ್ಯದಲ್ಲೂ ಇಲ್ಲ, ಸೌದೆ ಖರ್ಚಲ್ಲೂ ಇಲ್ಲ.

ಇದು ಯಾಕೆ ಮುಖ್ಯ ಅಂದರೆ, 2010ರಲ್ಲಿ ದೊಡ್ಡ ದೊಡ್ಡ ದೇಶಗಳು, ಸಂಸ್ಥೆಗಳು ಸೇರಿ 2020ರೊಳಗೆ ಜಗತ್ತಿನ 10 ಕೋಟಿ ಮನೆಗೆ ಸುಧಾರಿತ ಒಲೆ ಮುಟ್ಟಿಸುತ್ತೇವೆ ಅಂತ ಹೊರಟಿದ್ದರು. ಅಲ್ಲಿಯವರೆಗೆ ಹೆಚ್ಚಿನ ನಂಬಿಕೆ ಪ್ರಯೋಗಾಲಯದ ಅಳತೆಯ ಮೇಲೆ ಇತ್ತು. ಪ್ರಯೋಗಾಲಯದಲ್ಲಿ ಒಲೆ ಯಾವಾಗಲೂ ಹೊಸದು. ಕೊಳವೆ ಯಾವಾಗಲೂ ಶುಚಿ.

ಕುಣಿಗಲ್ ಅಕ್ಕ | ಭಾನುವಾರ ಬೆಳಿಗ್ಗೆ 11:30

ಒಲೆ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಸುಮ್ನೆ ಓದಿಕೊಂಡು ಹೋಗುವವಳು ನಾನು.

ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ಮನೆಯಲ್ಲಿ ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಶುರು ಮಾಡಿದ ವಿಭಾಗದ ಹೆಸರು ಅಸ್ತ್ರ. ನಮ್ಮ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಒಲೆಗೆ ಮೂರು ಕಣ್ಣು, ಕೆಳಗೆ ಕಬ್ಬಿಣದ ಜಾಲರಿ, ಹಿಂದೆ ಕೊಳವೆ. ಬೆಂಕಿ ಮೊದಲ ಪಾತ್ರೆಗೆ ತಾಗಿ, ಉಳಿದ ಬಿಸಿ ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗುತ್ತಿತ್ತು. ಮೂರನೇ ಕಣ್ಣಿನ ಮೇಲೆ ಸ್ನಾನದ ನೀರು ತಾನಾಗೇ ಕಾಯುತ್ತಿತ್ತು. ಸೌದೆ ಉಳಿಯುತ್ತದೆ ಅಂತ ಅತ್ತೆಯೇ ಹೇಳುತ್ತಿದ್ದರು. ಅದು ಸುಳ್ಳಲ್ಲ.

ಆದರೆ ಮುದ್ದೆ. ಮುದ್ದೆ ತಿರುವಿದವರಿಗೆ ಗೊತ್ತು. ಹಿಟ್ಟು ಬೆಂದ ಮೇಲೆ ಕೋಲು ಹಾಕಿ, ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ, ಮೈಯ ಬಲವೆಲ್ಲ ಬಿಟ್ಟು ತಿರುವಬೇಕು. ಹತ್ತು ಜನರ ಮುದ್ದೆ ದಿನಕ್ಕೆ ಎರಡು ಸಲ ತಿರುವಿದರೆ ಮಣ್ಣಿನ ಒಲೆಯ ಕಣ್ಣು ಎಷ್ಟು ದಿನ ಬಾಳುತ್ತೆ? ಅಂಚು ಉದುರಿತು. ಪಾತ್ರೆ ಸರಿಯಾಗಿ ಕೂರದೆ ಸಂದಿಯಿಂದ ಹೊಗೆ ಬರತೊಡಗಿತು. ಅಳತೆ ಗೊತ್ತಿದ್ದ ಗಾರೆಯವನು ಬೆಂಗಳೂರು ಸೇರಿದ್ದ. ಅತ್ತೆ ತಾವೇ ಮೆತ್ತಿದರು. ಅತ್ತೆಯ ಅಳತೆ ಬೇರೆ, ವಿಜ್ಞಾನಿಗಳ ಅಳತೆ ಬೇರೆ. ಕಣ್ಣು ದೊಡ್ಡದಾಯಿತು, ಕೊಳವೆ ಹೊಗೆ ಎಳೆಯುವುದು ನಿಂತಿತು. ಕೊನೆಗೆ ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಮುದ್ದೆ ಅಲ್ಲಿ, ಸಾರು ಇಲ್ಲಿ ಅಂತಾಯಿತು. ನಿಮ್ಮ ಒಡಿಶಾದ ಹಾಗೇ ಅಲ್ವಾ?

ನಿಮ್ಮ ಕಡೆ ರೊಟ್ಟಿ ಇರಬೇಕಲ್ಲ ಶೀನಣ್ಣ. ಅದನ್ನು ವಿಚಾರಿಸಿ ನೋಡಿ.

ಸರ್ವೆಶೀನ | ಭಾನುವಾರ ಮಧ್ಯಾಹ್ನ 2:20

ಅಕ್ಕಾ, ರೊಟ್ಟಿ! ನಮ್ಮ ಫಾರಂನಲ್ಲಿ ಒಲೆ ಬಗ್ಗೆ ಇಪ್ಪತ್ತೆರಡು ಪ್ರಶ್ನೆ ಇದ್ದವು. ರೊಟ್ಟಿ ಬಗ್ಗೆ ಒಂದೂ ಇರಲಿಲ್ಲ. ನಮ್ಮ ಕಡೆ ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಒಲೆಯ ಬಾಯಲ್ಲಿ ಕೆಂಡದ ಎದುರು ನಿಲ್ಲಿಸಿ ಉಬ್ಬಿಸುತ್ತಾರೆ. ಆ ಹೊಸ ಒಲೆಯ ಬಾಯಿ ನನ್ನ ಮುಷ್ಟಿಯಷ್ಟು. ಇದನ್ನು ಬರೆಯುವಾಗಲೇ ನಾಚಿಕೆಯಾಗುತ್ತಿದೆ. ನಾನೇ ದಿನಾ ರೊಟ್ಟಿ ತಿನ್ನುವವನು.

ಔಷಧಿ ಕೌಂಟರ್ | ಭಾನುವಾರ ರಾತ್ರಿ 8:50

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್ ಆಗಿದ್ದವ. ಎಲ್ಲಿ ಅಂತ ಬೇಡ. ನಮ್ಮಲ್ಲಿ ಹಾಜರಿಗೆ ಬೆರಳಿಡುವ ಬಯೊಮೆಟ್ರಿಕ್ ಯಂತ್ರ ಬಂದ ಕಾಲ ನೆನಪಾಯಿತು.

ಮೊದಲ ತಿಂಗಳು ಎಲ್ಲರೂ ಒಂಬತ್ತಕ್ಕೆ ಹಾಜರ್. ನಾನೂ. ಕೀಲಿ ತೆಗೆಯುವ ಅಟೆಂಡರಿಗೆ ನಂಬಿಕೆ ಬರಲಿಲ್ಲ. ಆಮೇಲೆ ಒಂದೊಂದೇ ಶುರುವಾಯಿತು. ಕರೆಂಟ್ ಇಲ್ಲ. ಗದ್ದೆ ಕೆಲಸ ಮಾಡಿದ ಬೆರಳು, ಅಚ್ಚು ಸಿಗುತ್ತಿಲ್ಲ. ಉಪಕೇಂದ್ರದ ಸಿಸ್ಟರ್ ಬೆಳಿಗ್ಗೆ ಬಸ್ ಹಿಡಿದು ಇಲ್ಲಿಗೆ ಬಂದು ಬೆರಳಿಟ್ಟು ಮತ್ತೆ ತಮ್ಮ ಹಳ್ಳಿಗೆ ಹೋಗಬೇಕು. ಅರ್ಧ ದಿನ ಬಸ್ಸಿನಲ್ಲೇ ಹೋಯಿತು. ಡಾಕ್ಟರ್ ಸಾಹೇಬರು ಮಾತ್ರ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಅವರಿಗೆ ನೋಟಿಸ್ ಕೊಡುವ ಧೈರ್ಯ ಯಾರಿಗಿದೆ? ಅವರು ಬಿಟ್ಟು ಹೋದರೆ ಇನ್ನೊಬ್ಬರು ಆ ಊರಿಗೆ ಬರುವುದಿಲ್ಲ.

ಇದರ ಮೇಲೂ ಅಧ್ಯಯನ ಆಗಿದೆ ಅಂತ ಎಲ್ಲೋ ಕೇಳಿದ್ದೆ. ಹೌದಾ?

ಅಂಕಿಅಂಶ | ಭಾನುವಾರ ರಾತ್ರಿ 9:30

ಹೌದು ಸಾರ್. ಇಕ್ಬಾಲ್ ಧಾಲಿವಾಲ್ ಮತ್ತು ರೀಮಾ ಹನ್ನಾ ಕರ್ನಾಟಕದಲ್ಲೇ ಮಾಡಿದ್ದು. ಒಲೆಯ ಅಧ್ಯಯನದಲ್ಲಿದ್ದ ಅದೇ ಹನ್ನಾ. ಐದು ಜಿಲ್ಲೆ, 322 ಪ್ರಾಥಮಿಕ ಆರೋಗ್ಯ ಕೇಂದ್ರ. ಅದರಲ್ಲಿ 140ಕ್ಕೆ ಬಯೊಮೆಟ್ರಿಕ್ ಯಂತ್ರ. ಯೋಜನೆ ಸರ್ಕಾರದ್ದೇ, ಹೊರಗಿನವರು ತಂದು ಹೇರಿದ್ದಲ್ಲ.

ಫಲಿತಾಂಶ ನೀವು ಹೇಳಿದ ಹಾಗೇ ಇದೆ. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್ ಇವರ ಹಾಜರಿ ಏರಿತು. ಡಾಕ್ಟರದ್ದು ಏರಲಿಲ್ಲ. ಯಂತ್ರ ಮಾಹಿತಿ ಕಳಿಸಿತು. ಆ ಮಾಹಿತಿ ಹಿಡಿದುಕೊಂಡು ಬಾರದವರ ರಜೆ ಕಡಿಯುವ ಕೆಲಸ ಮಾತ್ರ ಸರಿಯಾಗಿ ನಡೆಯಲಿಲ್ಲ. ಇಷ್ಟಾದರೂ ಆ ಕೇಂದ್ರಗಳ ವ್ಯಾಪ್ತಿಯಲ್ಲಿ ಕಡಿಮೆ ತೂಕದ ಮಕ್ಕಳು ಹುಟ್ಟುವುದು ಕಡಿಮೆಯಾಯಿತು. ಸಿಸ್ಟರ್ ಒಬ್ಬರು ಜಾಗದಲ್ಲಿ ಇದ್ದರೆ ಏನಾಗುತ್ತದೆ ನೋಡಿ.

ಈಗ ಇದನ್ನು ಗೆದ್ದಿತು ಅನ್ನಬೇಕಾ, ಸೋತಿತು ಅನ್ನಬೇಕಾ? ಬೇರೆ ರಾಜ್ಯದವರು ಯಂತ್ರ ಕೊಳ್ಳಬೇಕಾ ಬೇಡವಾ? ಪೇಪರಿನವರಿಗೆ ಒಂದು ಸಾಲು ಬೇಕು. ಆ ಒಂದು ಸಾಲು ಹುಟ್ಟುವುದೇ ಇಲ್ಲ.

ಬರೀಪ್ರಶ್ನೆ | ಭಾನುವಾರ ರಾತ್ರಿ 10:10

ಅಂದರೆ ನಾನು ಹೇಳಿದ್ದೇ ಆಯಿತಲ್ಲ. ಒಲೆ ಸೋತಿತು, ಯಂತ್ರ ಅರ್ಧ ಸೋತಿತು. ಲಕ್ಷಾಂತರ ಡಾಲರ್ ಸುರಿದು ನಮಗೆ ಗೊತ್ತಿದ್ದದ್ದನ್ನೇ ನಮಗೆ ಹೇಳುತ್ತಾರೆ. ನಮ್ಮಜ್ಜಿಯನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದಳು.

ಲುಸಾಕಾದಿಂದ | ಸೋಮವಾರ ಬೆಳಿಗ್ಗೆ 6:00

ನಾನು ಹುಬ್ಬಳ್ಳಿಯವ. ಈಗ ಜಾಂಬಿಯಾದಲ್ಲಿ ಶಾಲೆಗಳ ಜೊತೆ ಕೆಲಸ. ಬರೀಪ್ರಶ್ನೆ ಅವರಿಗೆ ಗೆದ್ದ ಕತೆ ಒಂದು ಹೇಳುತ್ತೇನೆ. ಆದರೆ ಅದರ ಹೊಟ್ಟೆಯಲ್ಲೂ ಸೋಲುಗಳಿವೆ, ಅವೇ ಹೆಚ್ಚು ಕೆಲಸಕ್ಕೆ ಬಂದದ್ದು.

ಭಾರತದಲ್ಲಿ ಪ್ರಥಮ್ ಸಂಸ್ಥೆ ಒಂದು ಸರಳ ವಿಚಾರ ಹಿಡಿದುಕೊಂಡು ಹೊರಟಿತ್ತು. ಐದನೇ ಕ್ಲಾಸಿನ ಮಗುವಿಗೆ ಓದಲು ಬಾರದಿದ್ದರೆ ಐದನೇ ಕ್ಲಾಸಿನ ಪಾಠ ಹೇಳಬೇಡಿ. ಅಕ್ಷರ ಬರುವವರು ಒಂದು ಕಡೆ, ಪದ ಬರುವವರು ಒಂದು ಕಡೆ, ಪ್ಯಾರಾ ಓದುವವರು ಒಂದು ಕಡೆ. ದಿನಕ್ಕೆ ಒಂದೆರಡು ಗಂಟೆ ಕ್ಲಾಸು ಮರೆತು ಮಟ್ಟ ನೋಡಿ ಕೂರಿಸಿ. 2001ರಿಂದ ವಡೋದರಾ, ಮುಂಬೈಯಲ್ಲಿ ಹೊರಗಿನ ಯುವತಿಯರನ್ನು ಇಟ್ಟುಕೊಂಡು ಮಾಡಿದಾಗ ಕಲಿಕೆ ಏರಿತು. ಸರಿ, ಸರ್ಕಾರಿ ಶಿಕ್ಷಕರೇ ಮಾಡಲಿ ಅಂತ ಬಿಹಾರಕ್ಕೆ ಹೋದರು. ಬೇಸಿಗೆ ಶಿಬಿರದಲ್ಲಿ ಅದೇ ಶಿಕ್ಷಕರು ಮಾಡಿದರು, ಮಕ್ಕಳು ಕಲಿತರು. ಜೂನ್ ಬಂತು, ಶಾಲೆ ಶುರುವಾಯಿತು. ಅದೇ ಶಿಕ್ಷಕರಿಗೆ ತರಬೇತಿಯೂ ಇತ್ತು, ಸಾಮಗ್ರಿಯೂ ಇತ್ತು. ಫಲಿತಾಂಶ ಸೊನ್ನೆ.

ಯಾಕೆ? ಬೇಸಿಗೆಯಲ್ಲಿ ಪಾಠ ಮುಗಿಸುವ ಹಂಗಿಲ್ಲ. ಶಾಲೆ ದಿನದಲ್ಲಿ ಮೇಲಿನವರು ಬಂದು ಕೇಳುವುದು "ಎಷ್ಟನೇ ಪಾಠದಲ್ಲಿದ್ದೀರಿ" ಅಂತ. "ಎಷ್ಟು ಮಕ್ಕಳು ಓದುತ್ತಾರೆ" ಅಂತ ಕೇಳುವವರಿಲ್ಲ.

ಆ ಸೊನ್ನೆಯನ್ನು ಅವರು ಮುಚ್ಚಿಡಲಿಲ್ಲ. ಅದೇ ದೊಡ್ಡದು. ಹರಿಯಾಣದಲ್ಲಿ 2012-13ರಲ್ಲಿ ವೇಳಾಪಟ್ಟಿಯಲ್ಲೇ ಇದಕ್ಕೆ ಒಂದು ಗಂಟೆ ತೆಗೆದಿಟ್ಟರು. ಶಿಕ್ಷಕರನ್ನು ನೋಡಿಕೊಳ್ಳುವ ಬ್ಲಾಕ್ ಮಟ್ಟದವರು ಮೊದಲು ತಾವೇ ಹದಿನೈದಿಪ್ಪತ್ತು ದಿನ ಶಾಲೆಗೆ ಹೋಗಿ ಮಕ್ಕಳ ಮುಂದೆ ನಿಂತು ಮಾಡಿದರು. ಆಗ ಸರ್ಕಾರಿ ವ್ಯವಸ್ಥೆಯ ಒಳಗೇ ಅದು ನಡೆಯಿತು.

ಜಾಂಬಿಯಾಕ್ಕೆ ಬಂದದ್ದು ಈ ಎಲ್ಲ ಪಾಠದ ಸಮೇತ. 2016ರಲ್ಲಿ 80 ಶಾಲೆಗಳಲ್ಲಿ ಮೂರರಿಂದ ಐದನೇ ಕ್ಲಾಸಿಗೆ ಮಾಡಿ ನೋಡಿದರು, ಆಮೇಲೆ ಸರ್ಕಾರವೇ ಹಿಗ್ಗಿಸಿತು. ಇಲ್ಲಿ ಇದರ ಹೆಸರು ಕ್ಯಾಚ್ ಅಪ್. ಹಿಂದಿ ಕಾರ್ಡುಗಳ ಜಾಗದಲ್ಲಿ ಇಲ್ಲಿನ ಚಿನ್ಯಾಂಜಾ, ಟೊಂಗಾ ಭಾಷೆಯ ಕಾರ್ಡುಗಳು. ಲೆಕ್ಕಕ್ಕೆ ಹತ್ತು ಹತ್ತು ಕಡ್ಡಿ ಕಟ್ಟಿದ ಕಟ್ಟುಗಳು. ಮೊದಲ ಸಲ ನೋಡಿದಾಗ ನನಗೆ ನಮ್ಮೂರ ಶಾಲೆಯ ಬೀಡಿ ಕಟ್ಟಿನಂಥ ಕಡ್ಡಿ ಕಟ್ಟು ನೆನಪಾಗಿ ನಗು ಬಂತು. ಆರು ಸಾವಿರ ಕಿಲೋಮೀಟರ್ ದಾಟಿ ಬಂದರೂ ಅದೇ ಕಡ್ಡಿ!

ನಿವೃತ್ತ ಮೇಷ್ಟ್ರು | ಸೋಮವಾರ ಬೆಳಿಗ್ಗೆ 10:45

ಲುಸಾಕಾದವರು ಬರೆದ "ಎಷ್ಟನೇ ಪಾಠ" ಅನ್ನುವುದನ್ನು ಓದಿ ಎದ್ದು ಕೂತೆ. ಮೂವತ್ನಾಲ್ಕು ವರ್ಷ ಆ ಪ್ರಶ್ನೆಗೆ ಉತ್ತರ ಕೊಟ್ಟವ ನಾನು.

ನಲಿ-ಕಲಿ ನೆನಪಿದೆಯಾ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಕಣ್ಣಾರೆ ನೋಡಿ ಬಂದು ತಾವೇ ಕಾರ್ಡು ಬರೆದರು. ಕಲಿಕಾ ಏಣಿ, ತಟ್ಟೆಗಳು, ಚಪ್ಪರಕ್ಕೆ ತೂಗುವ ಮಕ್ಕಳ ಚಿತ್ರಗಳು. ಮಗು ತನ್ನ ಮೆಟ್ಟಿಲಲ್ಲಿ ತಾನೇ ಏರುವುದು. ಕೆಲವು ವರ್ಷ ಬಿಟ್ಟು ಅದು ಆದೇಶವಾಗಿ ನಮ್ಮ ಜಿಲ್ಲೆಗೆ ಬಂತು. ಕಾರ್ಡು ಡಬ್ಬಿಯಲ್ಲಿ ಬಂದವು. ತರಬೇತಿ ಐದು ದಿನ, ಊಟ ಚೆನ್ನಾಗಿತ್ತು. ಹೆಗ್ಗಡದೇವನಕೋಟೆಯ ಶಿಕ್ಷಕರು ಯಾಕೆ ಹಾಗೆ ಮಾಡಿದರು ಅನ್ನುವುದು ಮಾತ್ರ ಡಬ್ಬಿಯಲ್ಲಿ ಬರಲಿಲ್ಲ.

ಆಮೇಲೆ ನಾಲ್ಕು, ಐದನೇ ತರಗತಿಗೆ ಓದು ಕರ್ನಾಟಕ ಅನ್ನುವ ಕಾರ್ಯಕ್ರಮ ಬಂತು. ಪ್ರಥಮ್ ಜೊತೆಯದ್ದೇ. ನಾನು ಮನಸ್ಸಿಟ್ಟು ಮಾಡಿದೆ. ಐದನೇ ತರಗತಿಯ ಒಬ್ಬ ಹುಡುಗ, ಕುರಿ ಕಾಯಲು ಹೋಗುತ್ತಿದ್ದವ, ಅಕ್ಷರ ಗುಂಪಿನಲ್ಲಿ ಕೂರಲು ನಾಚಿಕೆ ಪಡುತ್ತಿದ್ದ. ನಾನೂ ಅವನ ಪಕ್ಕ ನೆಲದ ಮೇಲೆ ಕೂತೆ. ದೀಪಾವಳಿ ಹೊತ್ತಿಗೆ ಬಸ್ಸಿನ ಬೋರ್ಡ್ ಓದಿ ನನಗೆ ಹೇಳಿದ. "ಸಾರ್, ಇದು ಲಿಂಗಸುಗೂರಿಗೆ ಹೋಗಲ್ಲ" ಅಂದ. ಅದೇ ವಾರ ಒಬ್ಬ ಅಧಿಕಾರಿ ಬಂದು ನನ್ನ ಪಾಠ ಹಿಂದೆ ಬಿದ್ದಿದೆ ಅಂತ ಷರಾ ಬರೆದು ಹೋದರು. ಎರಡೂ ಒಂದೇ ಇಲಾಖೆಯ ಕೆಲಸ ಅಲ್ವೇ?

ಲುಸಾಕಾದಿಂದ | ಸೋಮವಾರ ಮಧ್ಯಾಹ್ನ 1:10

ಮೇಷ್ಟ್ರೇ, ಇದೇ ಮಾತು ಕೆನ್ಯಾದಲ್ಲೂ ಆಗಿದೆ. ಪಶ್ಚಿಮ ಕೆನ್ಯಾದಲ್ಲಿ ಗುತ್ತಿಗೆ ಶಿಕ್ಷಕರನ್ನು ಇಟ್ಟಾಗ ಮಕ್ಕಳು ಚೆನ್ನಾಗಿ ಕಲಿತರು ಅಂತ ಮೊದಲ ಅಧ್ಯಯನ ತೋರಿಸಿತು. ಸರ್ಕಾರ 18,000 ಗುತ್ತಿಗೆ ಶಿಕ್ಷಕರನ್ನು ತೆಗೆದುಕೊಳ್ಳಲು ಹೊರಟಿತು. ಆಗ ಕೆಲವರು ಒಂದು ಜಾಣ ಕೆಲಸ ಮಾಡಿದರು. 192 ಶಾಲೆಗಳನ್ನು ಆರಿಸಿ, ಕೆಲವಕ್ಕೆ ಸ್ವಯಂಸೇವಾ ಸಂಸ್ಥೆಯ ಮೂಲಕ, ಕೆಲವಕ್ಕೆ ಸರ್ಕಾರದ ಮೂಲಕ ಅದೇ ರೀತಿಯ ಶಿಕ್ಷಕರನ್ನು ಕೊಟ್ಟರು. ಸಂಸ್ಥೆ ನೋಡಿಕೊಂಡ ಕಡೆ ಅಂಕ ಏರಿತು. ಸರ್ಕಾರ ನೋಡಿಕೊಂಡ ಕಡೆ ಏನೂ ಇಲ್ಲ. ಸಂಬಳ ತಡ, ಮೇಲ್ವಿಚಾರಣೆ ಸಡಿಲ, ಶಿಕ್ಷಕರ ಸಂಘದ ವಿರೋಧ ಬೇರೆ.

ಒಂದೇ ಯೋಜನೆ, ಒಂದೇ ದೇಶ. ಮಾಡಿದ ಕೈ ಬೇರೆ, ಅಷ್ಟೆ. "ಯೋಜನೆ ಗೆಲ್ಲುತ್ತಾ?" ಅಂತ ಯಾರಾದರೂ ನನ್ನನ್ನು ಕೇಳಿದರೆ "ಯಾರು ಮಾಡುತ್ತಾರೆ?" ಅಂತ ಮರಳಿ ಕೇಳುವ ಚಟ ಬಿದ್ದಿದೆ.

ಬರೀಪ್ರಶ್ನೆ | ಸೋಮವಾರ ಸಂಜೆ 6:30

ಸರಿ, ಸ್ವಲ್ಪ ಮೆತ್ತಗಾದೆ. ಆದರೆ ಒಂದು ಮುಳ್ಳು ಇನ್ನೂ ಚುಚ್ಚುತ್ತಿದೆ. ಚೀಟಿ ಎತ್ತಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದೆ ನೋಡುವುದು ಸರಿಯಾ? ಬಡವರೇನು ಪ್ರಯೋಗಾಲಯದ ಇಲಿಗಳಾ?

ಅಂಕಿಅಂಶ | ಸೋಮವಾರ ರಾತ್ರಿ 8:00

ನ್ಯಾಯವಾದ ಪ್ರಶ್ನೆ. ಎಲ್ಲ ಸಲವೂ ಸರಿ ಅಂತ ನಾನೂ ಹೇಳುವುದಿಲ್ಲ. ಆದರೆ ದುಡ್ಡು ಎಲ್ಲರಿಗೂ ಸಾಲದಿದ್ದಾಗ ಈಗ ಯಾರಿಗೆ ಮೊದಲು ಸಿಗುತ್ತದೆ? ಅಧ್ಯಕ್ಷರ ಓಣಿಗೆ. ಅದಕ್ಕಿಂತ ಚೀಟಿ ವಾಸಿ.

ಮೆಕ್ಸಿಕೊದಲ್ಲಿ 1997ರಲ್ಲಿ ಪ್ರೊಗ್ರೆಸಾ ಶುರುವಾಯಿತು. ಮಕ್ಕಳನ್ನು ಶಾಲೆಗೆ, ಆಸ್ಪತ್ರೆಗೆ ಕಳಿಸಿದರೆ ತಾಯಿಯ ಕೈಗೆ ದುಡ್ಡು. ಒಂದೇ ಸಲ ಎಲ್ಲ ಕಡೆ ಆಗುವಂತಿರಲಿಲ್ಲ. 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, 186ಕ್ಕೆ ಆಮೇಲೆ. ಆ ಅಂತರದಲ್ಲಿ ಅಳೆದರು. ಶಾಲೆಗೆ ಹೋಗುವ ಮಕ್ಕಳು ಹೆಚ್ಚಿದರು, ಅದರಲ್ಲೂ ದೊಡ್ಡ ಕ್ಲಾಸಿನ ಹುಡುಗಿಯರು. 2000ದಲ್ಲಿ ಅಲ್ಲಿ ಎಪ್ಪತ್ತು ವರ್ಷ ಆಳಿದ ಪಕ್ಷ ಸೋತಿತು. ಹೊಸ ಸರ್ಕಾರ ಹಳೆಯವರ ಯೋಜನೆ ಕಿತ್ತೆಸೆಯುವುದು ಅಲ್ಲಿನ ವಾಡಿಕೆ. ಈ ಸಲ ಕೈಯಲ್ಲಿ ಅಂಕಿ ಇದ್ದವು. ಹೆಸರು ಬದಲಾಯಿಸಿ ಯೋಜನೆ ಉಳಿಸಿಕೊಂಡರು, ಪಟ್ಟಣಗಳಿಗೂ ಹಿಗ್ಗಿಸಿದರು. ಹತ್ತಾರು ದೇಶ ಅದನ್ನು ನೋಡಿ ಕಲಿತವು.

ಬರೀಪ್ರಶ್ನೆ ಅವರು ಖುಷಿಪಡಲಿ ಅಂತ ಇದನ್ನೂ ಹೇಳುತ್ತೇನೆ: ಇನ್ನೊಂದು ಸರ್ಕಾರ ಬಂದು 2019ರಲ್ಲಿ ಅದನ್ನು ನಿಲ್ಲಿಸಿತು. ಆ ಸಲ ಅಂಕಿಗಳು ಕಾಪಾಡಲಿಲ್ಲ.

ಚೀಟಿ ಪ್ರಯೋಗವೇ ಎಲ್ಲಕ್ಕೂ ಮದ್ದು ಅಂತ ನಂಬುವವರನ್ನು ದೊಡ್ಡವರೇ ತರಾಟೆಗೆ ತೆಗೆದುಕೊಂಡಿದ್ದಾರೆ. 2015ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಂಗಸ್ ಡೀಟನ್ ಅವರ ತಕರಾರು ಇಷ್ಟೇ: ಅಲ್ಲಿ ನಡೆಯಿತು ಅಂದಮಾತ್ರಕ್ಕೆ ಇಲ್ಲಿ ನಡೆಯುತ್ತದೆ ಅಂತ ಹೇಗೆ ಹೇಳುತ್ತೀರಿ, ಯಾಕೆ ನಡೆಯಿತು ಅಂತ ತಿಳಿಯದೆ? ನಾಲ್ಕು ವರ್ಷದ ನಂತರ ಅಭಿಜಿತ್ ಬ್ಯಾನರ್ಜಿ, ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ ಇದೇ ಚೀಟಿ ಪ್ರಯೋಗಗಳಿಗಾಗಿ ಅದೇ ನೊಬೆಲ್ ಬಂತು.

ಕುಣಿಗಲ್ ಅಕ್ಕ | ಸೋಮವಾರ ರಾತ್ರಿ 9:15

"ಯಾಕೆ ನಡೆಯಿತು" ಅನ್ನುವುದಕ್ಕೆ ನಮ್ಮ ಸ್ವಸಹಾಯ ಸಂಘದ ತರಬೇತಿಯಲ್ಲಿ ಒಂದು ಕತೆ ಹೇಳಿದ್ದರು. ಅತ್ತೆ ಕತೆ. ಸರಿಯಾಗಿ ಗೊತ್ತಿರುವವರು ಹೇಳಿ. ತಮಿಳುನಾಡಿನಲ್ಲಿ ಗೆದ್ದ ಪೌಷ್ಟಿಕ ಆಹಾರದ ಯೋಜನೆ ಬಾಂಗ್ಲಾದೇಶಕ್ಕೆ ಹೋಯಿತಂತೆ.

ಅಂಕಿಅಂಶ | ಸೋಮವಾರ ರಾತ್ರಿ 9:40

ಹೌದು ಅಕ್ಕ. ತಮಿಳುನಾಡಿನದು 1980ರಲ್ಲಿ ವಿಶ್ವ ಬ್ಯಾಂಕ್ ನೆರವಿನಿಂದ ಶುರುವಾದದ್ದು. ಮಕ್ಕಳನ್ನು ತಿಂಗಳು ತಿಂಗಳು ತೂಗುವುದು, ತೂಕ ಏರದ ಮಕ್ಕಳಿಗೆ ಮಾತ್ರ ಹೆಚ್ಚುವರಿ ಆಹಾರ, ತಾಯಂದಿರಿಗೆ ತಿಳಿವಳಿಕೆ. ಬಾಂಗ್ಲಾದೇಶದಲ್ಲಿ 1995ರಲ್ಲಿ ಅದೇ ಅಚ್ಚಿನಲ್ಲಿ ಶುರು ಮಾಡಿದರು. ಅಲ್ಲಿ ಅಂದುಕೊಂಡಷ್ಟು ಆಗಲಿಲ್ಲ.

ಆಮೇಲೆ ಕೆದಕಿ ನೋಡಿದಾಗ ತಿಳಿದದ್ದು, ತಿಳಿವಳಿಕೆ ಕೊಟ್ಟದ್ದು ತಾಯಿಗೆ. ಅಲ್ಲಿನ ಹಳ್ಳಿಗಳಲ್ಲಿ ಸಂತೆಗೆ ಹೋಗುವುದು ಗಂಡಸು. ಅಡುಗೆಮನೆಯಲ್ಲಿ ಯಾರಿಗೆಷ್ಟು ಬಡಿಸಬೇಕು ಅಂತ ತೀರ್ಮಾನಿಸುವುದು, ಒಟ್ಟು ಕುಟುಂಬವಾದರೆ, ಅತ್ತೆ. ತಾಯಿಗೆ ಎಲ್ಲ ಗೊತ್ತಾಯಿತು, ಕೈಯಲ್ಲಿ ಮಾತ್ರ ಸೌಟು ಇರಲಿಲ್ಲ.

ಕುಣಿಗಲ್ ಅಕ್ಕ | ಸೋಮವಾರ ರಾತ್ರಿ 9:44

ಇದಕ್ಕೆ ವಿಶ್ವ ಬ್ಯಾಂಕ್ ಬೇಕಾಗಿತ್ತಾ? ಯಾವ ಸೊಸೆಯನ್ನು ಕೇಳಿದರೂ ಹೇಳುತ್ತಿದ್ದಳು.

ಔಷಧಿ ಕೌಂಟರ್ | ಮಂಗಳವಾರ ಬೆಳಿಗ್ಗೆ 7:30

ನಗು ಬಂತು ಅಕ್ಕ. ಆದರೆ "ನಮಗೆ ಮೊದಲೇ ಗೊತ್ತಿತ್ತು" ಅನ್ನುವುದರಲ್ಲೂ ಮೋಸ ಇದೆ. ಲಸಿಕೆಗೆ ಬಾರದ ತಾಯಂದಿರ ಬಗ್ಗೆ ನಮ್ಮ ಸಿಬ್ಬಂದಿಯೆಲ್ಲ ಒಂದೇ ಮಾತು ಹೇಳುತ್ತಿದ್ದೆವು. ತಿಳಿವಳಿಕೆ ಇಲ್ಲ, ಮೂಢನಂಬಿಕೆ. ನನಗೂ ಅದು ಖಾತ್ರಿ ಗೊತ್ತಿತ್ತು!

ಆಮೇಲೆ ರಾಜಸ್ಥಾನದ ಉದಯಪುರದಲ್ಲಿ ಮಾಡಿದ ಲಸಿಕೆ ಅಧ್ಯಯನದ ಲೆಕ್ಕ ಓದಿದೆ. 134 ಹಳ್ಳಿ. ಏನೂ ಮಾಡದ ಕಡೆ ಪೂರ್ತಿ ಲಸಿಕೆ ಹಾಕಿಸಿಕೊಂಡ ಮಕ್ಕಳು ಶೇ. 6. ತಪ್ಪದೆ ತಿಂಗಳು ತಿಂಗಳು ಶಿಬಿರ ನಡೆಸಿದ ಕಡೆ ಶೇ. 18. ಶಿಬಿರದ ಜೊತೆ ಸಲಕ್ಕೊಂದು ಕೆಜಿ ಬೇಳೆ, ಎಲ್ಲ ಮುಗಿಸಿದರೆ ಊಟದ ತಟ್ಟೆಗಳು ಅಂದ ಕಡೆ ಶೇ. 39. ಮೂಢನಂಬಿಕೆ ಒಂದು ಕೆಜಿ ಬೇಳೆಗೆ ಕರಗುತ್ತದಾ? ಅವರಿಗೆ ಇಷ್ಟವಿರಲಿಲ್ಲ ಅಂತಲ್ಲ. ಇವತ್ತು ಕೂಲಿ ಬಿಡುವುದು ಕಷ್ಟ, ನಾಳೆ ನೋಡೋಣ ಅಂತ, ಅಷ್ಟೆ. ಇನ್ನೊಂದು ಸೋಜಿಗ. ಬೇಳೆ ಕೊಟ್ಟರೂ ಒಂದು ಮಗುವಿಗೆ ತಗಲುವ ಖರ್ಚು ಸುಮಾರು ಅರ್ಧಕ್ಕೆ ಇಳಿಯಿತು. ಸಿಸ್ಟರ್ ಸಂಬಳ, ಜೀಪು ಹೇಗೂ ಅಷ್ಟೇ, ಬರುವ ಮಕ್ಕಳು ಜಾಸ್ತಿಯಾದರಲ್ಲ.

ನಾನು ಎಷ್ಟು ಜನ ತಾಯಂದಿರಿಗೆ ಬೈದು ಕಳಿಸಿದ್ದೆನೋ.

ಅಂಕಿಅಂಶ | ಮಂಗಳವಾರ ಬೆಳಿಗ್ಗೆ 8:20

ಲಸಿಕೆ ಅಂದಾಗ ಕರ್ನಾಟಕದ್ದೇ ಒಂದು. ಇಲ್ಲಿನ 213 ಹಳ್ಳಿಗಳಲ್ಲಿ ಸಂಶೋಧಕರು ಜನರನ್ನು ಕೇಳಿದರು: ಊರಲ್ಲಿ ಜಾತ್ರೆಯೋ ನಾಟಕವೋ ಇದೆ ಅಂತ ಎಲ್ಲರಿಗೂ ತಿಳಿಸಬೇಕಾದರೆ ಯಾರ ಕಿವಿಗೆ ಹಾಕಬೇಕು? ಜನ ಹೆಸರಿಸಿದವರಿಗೆ "ಈ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಬಹುಮಾನ ಗೆಲ್ಲಬಹುದು" ಅಂತ ಹೇಳಿ ಬಿಟ್ಟರು. ಸುಮ್ಮನೆ ಯಾರಿಗೋ ಹೇಳಿದ್ದಕ್ಕಿಂತ, ಊರ ಹಿರಿಯರಿಗೆ ಹೇಳಿದ್ದಕ್ಕಿಂತ ಜಾಸ್ತಿ ಕರೆ ಬಂದವು. ಆಮೇಲೆ ಹರಿಯಾಣದಲ್ಲಿ ಇದೇ ಉಪಾಯವನ್ನು ಲಸಿಕೆ ಶಿಬಿರದ ಸುದ್ದಿಗೆ ಬಳಸಿದಾಗ ಲಸಿಕೆಗೆ ಬಂದ ಮಕ್ಕಳು ಶೇ. 22ರಷ್ಟು ಹೆಚ್ಚಿದರು.

ಸರ್ವೆಶೀನ | ಮಂಗಳವಾರ ಬೆಳಿಗ್ಗೆ 9:00

ನಮ್ಮ ಕಡೆ ಅಂಥವರಿಗೆ ಊರ ರೇಡಿಯೊ ಅಂತಾರೆ. ಪ್ರತಿ ಊರಲ್ಲೂ ಒಬ್ಬಳಾದರೂ ಇರುತ್ತಾಳೆ. ಸರ್ವೆಗೆ ಹೋದಾಗ ಮೊದಲು ಅವಳನ್ನೇ ಹಿಡಿಯುವುದು ನಾವು. ಅದನ್ನು ಯಾರಾದರೂ ಸಂಶೋಧನೆ ಅಂತ ಕರೆದಾರು ಅಂತ ಅಂದುಕೊಂಡಿರಲಿಲ್ಲ.

ಮೂಲ ಪ್ರಶ್ನೆಗೆ ಬರೋಣ. ದೊಡ್ಡವರು, ಮಂತ್ರಿ, ಮೇಯರ್, ಇವರಿಗೆ ಓದುವ ಮನಸ್ಸಾದರೂ ಇದೆಯಾ?

ಅಂಕಿಅಂಶ | ಮಂಗಳವಾರ ಬೆಳಿಗ್ಗೆ 9:25

ಅದನ್ನೂ ಅಳೆದಿದ್ದಾರೆ, ಬ್ರೆಜಿಲ್‌ನಲ್ಲಿ. 2,150 ಪುರಸಭೆಗಳು. ಅಧ್ಯಯನದ ಫಲಿತಾಂಶ ತಿಳಿಯಲು ಮೇಯರ್‌ಗಳು ಬೆಲೆ ತೆರಲೂ ತಯಾರಿದ್ದರು. ಅಂದರೆ ಆಸಕ್ತಿ ಇತ್ತು. ಇನ್ನೊಂದು ಪ್ರಯೋಗದಲ್ಲಿ, ತೆರಿಗೆ ಕಟ್ಟುವವರಿಗೆ ಗಡುವಿಗೆ ಮುಂಚೆ ಒಂದು ನೆನಪೋಲೆ ಕಳಿಸಿದರೆ ತೆರಿಗೆ ಚೆನ್ನಾಗಿ ಬರುತ್ತದೆ ಅನ್ನುವ ಸಂಶೋಧನೆಯನ್ನು ಕೆಲವರಿಗೆ ಕೂರಿಸಿ ಹೇಳಿದರು. ಕೇಳಿದವರ ಊರುಗಳಲ್ಲಿ ಅದನ್ನು ಜಾರಿ ಮಾಡುವುದು ಶೇಕಡಾ 10 ಅಂಶದಷ್ಟು ಹೆಚ್ಚಾಯಿತು.

ಹತ್ತು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಅದು ಅಗ್ಗದ, ಸುಲಭದ, ಯಾರ ಕಾಲನ್ನೂ ತುಳಿಯದ ಕೆಲಸ. ಬರೀ ಪತ್ರ. ಡಾಕ್ಟರ ರಜೆ ಕಡಿಯುವುದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ.

ಬರೀಪ್ರಶ್ನೆ | ಮಂಗಳವಾರ ಬೆಳಿಗ್ಗೆ 9:50

ಕೂರಿಸಿ ಹೇಳಿದರೆ ಕೇಳುತ್ತಾರೆ ಅಂತಾಯಿತು. ನೂರೈವತ್ತು ಪುಟದ ವರದಿ ಕೊರಿಯರ್ ಮಾಡಿದರೆ ಅಲ್ಲ.

ಸರ್ವೆಶೀನ | ಹದಿನಾರು ದಿನದ ನಂತರ, ರಾತ್ರಿ 8:10

ಎಲ್ಲರಿಗೂ ಒಂದು ಸುದ್ದಿ. ನಮ್ಮ ಸಂಸ್ಥೆಯವರನ್ನು ಕೂರಿಸಿ ಹೇಳಿದೆ. ಮೂರು ವರ್ಷದ ಹಿಂದಿನ ವರದಿಯ ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಂಡು, ಒಂದು ದಿನದ ಪೆಟ್ರೋಲು ಕೊಡಿಸಿ ಅಂದೆ. ಕೊಟ್ಟರು. ಅಜ್ಜಿಯ ಊರಿಗೆ ಹೋಗಿ ಹನುಮಪ್ಪನ ಗುಡಿ ಕಟ್ಟೆ ಮೇಲೆ ಹೆಂಗಸರನ್ನು ಸೇರಿಸಿ ಓದಿದೆ. ಊರ ರೇಡಿಯೊಗೆ ಹಿಂದಿನ ದಿನವೇ ಹೇಳಿದ್ದೆ, ಮೂವತ್ತು ಜನ ಬಂದಿದ್ದರು.

"ಬಹಳಷ್ಟು ಮನೆಗಳಲ್ಲಿ ಹೊಸ ಒಲೆ ಬಳಕೆಯಲ್ಲಿದೆ" ಅಂತ ಓದಿದಾಗ ಎಲ್ಲರೂ ನಕ್ಕುಬಿಟ್ಟರು. ಒಬ್ಬಳು ಹೇಳಿದಳು, "ಅವತ್ತು ನೀವು ಬರ್ತೀರಿ ಅಂತ ಗೊತ್ತಿತ್ರಿ, ಬೆಳಿಗ್ಗೆ ಹಚ್ಚಿದ್ವಿ." ರೊಟ್ಟಿ ಕೇಳಿದೆ. ಅಕ್ಕ ಹೇಳಿದ್ದೇ. ರೊಟ್ಟಿ ಉಬ್ಬುವುದಿಲ್ಲ, ಬಾಯಿ ಸಣ್ಣದು. ಚಹಾಕ್ಕೆ, ನೀರು ಕಾಯಿಸುವುದಕ್ಕೆ ಕೆಲವರು ಈಗಲೂ ಬಳಸುತ್ತಾರಂತೆ. ಇಬ್ಬರು ಬಾಯಿ ಒಡೆದು ದೊಡ್ಡದು ಮಾಡಿಕೊಂಡಿದ್ದಾರೆ. ಅಳತೆ ತೆಗೆದುಕೊಂಡು ಬಂದಿದ್ದೇನೆ.

ಮುಂದಿನ ತಿಂಗಳು ಬೇರೆ ತಾಲ್ಲೂಕಿನಲ್ಲಿ ಒಲೆ ಸರ್ವೆ ಇದೆ. "ಹೊಸ ಒಲೆ ಬಳಸುತ್ತೀರಾ, ಹೌದು/ಇಲ್ಲ" ಅನ್ನುವ ಪ್ರಶ್ನೆ ತೆಗೆಯಲು ಒಪ್ಪಿದ್ದಾರೆ. ಅದರ ಬದಲು ಏನು ಕೇಳಲಿ?

ಕುಣಿಗಲ್ ಅಕ್ಕ | ಅದೇ ದಿನ, ರಾತ್ರಿ 8:32

"ಇವತ್ತು ರೊಟ್ಟಿ ಯಾವ ಒಲೆ ಮೇಲೆ ಮಾಡಿದ್ರಿ" ಅಂತ ಕೇಳಿ. ಹೇಳದೆ ಕೇಳದೆ ಹನ್ನೊಂದು ಗಂಟೆಗೆ ಹೋಗಿ. ಆಮೇಲೆ ಎರಡೂ ಒಲೆಯ ಬೂದಿಗೆ ಕೈ ಇಟ್ಟು ನೋಡಿ, ಯಾವುದು ಬೆಚ್ಚಗಿದೆ ಅಂತ. ಸುಟ್ಟುಕೊಂಡೀರಿ, ಹುಷಾರು.